ಯಂತ್ರ ಕೇಳುವ ಆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಪರದೇಶದಲ್ಲಿ ದುಡ್ಡು ಉಳಿಸಬೇಕು ಅಂದ ಕೂಡಲೇ ನಾವು ಅಗ್ಗದ ಟಿಕೆಟ್, ಅಗ್ಗದ ರೂಮು ಹುಡುಕಲು ಶುರುಮಾಡುತ್ತೇವೆ. ಅದನ್ನು ನೀವು ಮನೆಯಲ್ಲಿ ಕೂತು, ನಾಲ್ಕು ಕಡೆ ವಿಚಾರಿಸಿ, ಹೇಗೂ ಮಾಡುತ್ತೀರಿ. ನಾನು ಹೇಳಬೇಕು ಅಂತಿರುವುದು ಬೇರೆ. ದುಡ್ಡು ಜಾಸ್ತಿ ಸೋರುವುದು ಸುಸ್ತಾಗಿ, ಗಡಿಬಿಡಿಯಲ್ಲಿ, ಯಾವುದೋ ಕೌಂಟರ್ ಮುಂದೆ ನಿಂತಾಗ.

ನನ್ನದೇ ಕತೆ ಕೇಳಿ. ಮೊದಲ ಸಲ ಹೋದಾಗ, ರಾತ್ರಿ ವಿಮಾನ ಇಳಿದು ಎಟಿಎಂಗೆ ಕಾರ್ಡ್ ಹಾಕಿದೆ. ಯಂತ್ರ ಒಂದು ಪ್ರಶ್ನೆ ಕೇಳಿತು: ಲೆಕ್ಕ ಈ ದೇಶದ ಹಣದಲ್ಲೋ, ನಿಮ್ಮ ದೇಶದ ಹಣದಲ್ಲೋ? ನಮ್ಮ ಹಣ ಆದರೆ ಲೆಕ್ಕ ಗೊತ್ತಾಗುತ್ತೆ ಅಲ್ವಾ ಅಂತ ಅದನ್ನೇ ಒತ್ತಿದೆ. ಮಾರನೆಯ ದಿನ ದರ ಹೋಲಿಸಿ ನೋಡಿ ಹಣೆ ಚಚ್ಚಿಕೊಂಡೆ.

ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅನ್ನುತ್ತಾರೆ. ನಿಮ್ಮ ದೇಶದ ಹಣ ಅಂತ ಒತ್ತಿದರೆ, ದರ ಕಟ್ಟುವುದು ಆ ಯಂತ್ರದ ಕಡೆಯವರು. ತಮ್ಮ ಲಾಭ ಸೇರಿಸಿಯೇ ಕಟ್ಟುತ್ತಾರೆ. ಅದರ ಮೇಲೆ ನಿಮ್ಮ ಬ್ಯಾಂಕು ವಿದೇಶಿ ಶುಲ್ಕ ಹಾಕುವುದೂ ಉಂಟು. ಆ ದೇಶದ ಹಣ ಅಂತ ಒತ್ತಿದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್, ಅಂದರೆ ನಿಮ್ಮ ಕಾರ್ಡ್ ಕಂಪನಿಯ ದರ ಸಿಗುತ್ತದೆ. ಅದು ಮಾರುಕಟ್ಟೆ ದರಕ್ಕೆ ಹತ್ತಿರ ಇರುತ್ತದೆ. ಬ್ಯಾಂಕಿನ ಶುಲ್ಕ ಎಷ್ಟು ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ.

ಪರದೆಯಲ್ಲೂ ಒಂದು ಕಿತಾಪತಿ ಇರುತ್ತದೆ. 'ಕನ್ವರ್ಷನ್ ಬೇಡ' ಅನ್ನುವುದು ಕೆಲವು ಕಡೆ ಕೆಂಪು ಬಟನ್. ಒತ್ತಿದರೆ ಎಲ್ಲ ರದ್ದಾಗಿಬಿಡುತ್ತೇನೋ ಅಂತ ಕೈ ಹಿಂಜರಿಯುತ್ತದೆ. ಒತ್ತಿ, ದುಡ್ಡು ಬರುತ್ತದೆ. ಹೋಟೆಲಿನಲ್ಲಿ ಕೆಲವೊಮ್ಮೆ ನಿಮ್ಮನ್ನು ಕೇಳದೆ ಅವರೇ ನಿಮ್ಮ ದೇಶದ ಹಣ ಅಂತ ಒತ್ತಿಬಿಡುತ್ತಾರೆ. ಚೀಟಿ ನೋಡಿ, ಸಂಕೋಚ ಬಿಟ್ಟು, ರದ್ದು ಮಾಡಿ ಇನ್ನೊಮ್ಮೆ ಹಾಕಿ ಅನ್ನಿ.

ಇನ್ನು ಹಣ ಬದಲಾಯಿಸುವ ಅಂಗಡಿಗಳ 'ಕಮಿಷನ್ ಇಲ್ಲ' ಅನ್ನುವ ಬೋರ್ಡು. ಕಮಿಷನ್ ಇಲ್ಲ, ನಿಜ. ಕೊಳ್ಳುವ ದರ, ಮಾರುವ ದರ ಎರಡನ್ನೂ ನೋಡಿ. ಲೆಕ್ಕಕ್ಕೆ ಸುಮ್ನೆ ಒಂದು ಸಂಖ್ಯೆ ಹೇಳುತ್ತೇನೆ: ಅವರು ಒಂದು ವಿದೇಶಿ ನೋಟನ್ನು 110ಕ್ಕೆ ಮಾರಿ 90ಕ್ಕೆ ಕೊಳ್ಳುತ್ತಾರೆ ಅಂದುಕೊಳ್ಳಿ. ನೀವು 1,100 ಕೊಟ್ಟು 10 ನೋಟು ತಗೊಂಡು, ಮನಸ್ಸು ಬದಲಾಗಿ ಅಲ್ಲೇ ವಾಪಸ್ ಕೊಟ್ಟರೆ ಕೈಗೆ ಬರುವುದು 900. ನಿಂತಲ್ಲೇ 200 ಹೋಯಿತು! ವಿಮಾನ ನಿಲ್ದಾಣದಲ್ಲಿ ಈ ಅಂತರ ಸಾಮಾನ್ಯವಾಗಿ ಇನ್ನೂ ದೊಡ್ಡದು. ಚಿಲ್ಲರೆ ನಾಣ್ಯಗಳನ್ನಂತೂ ಹೆಚ್ಚಿನವರು ವಾಪಸ್ ತಗೊಳ್ಳುವುದೇ ಇಲ್ಲ. ಕೊನೆಯ ದಿನ ಕಾಫಿಗೋ ಬಸ್ಸಿಗೋ ಖರ್ಚು ಮಾಡಿಬಿಡಿ.

ಓಡಾಟದಲ್ಲಿ ಊರಿಗೊಂದು ನಿಯಮ. ಲಕ್ಸೆಂಬರ್ಗ್‌ನಲ್ಲಿ 2020ರಿಂದ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆ ಎಲ್ಲ ಉಚಿತ, ಪ್ರವಾಸಿಗಳಿಗೂ. ಲಂಡನ್‌ನಲ್ಲಿ ಕಾರ್ಡ್ ತಾಗಿಸಿ ಓಡಾಡಿದರೆ ದಿನಕ್ಕೊಂದು ಮಿತಿ ಇದೆ, ಅದು ದಾಟಿದ ಮೇಲೆ ಹಣ ಕಡಿತ ಆಗುವುದಿಲ್ಲ. ಆದರೆ ಬೆಳಿಗ್ಗೆ ಕಾರ್ಡ್, ಸಂಜೆ ಫೋನ್ ತಾಗಿಸಿದರೆ ಎರಡೂ ಬೇರೆ ಬೇರೆ ಲೆಕ್ಕ. ಇಡೀ ದಿನ ಒಂದನ್ನೇ ತಾಗಿಸಿ. ಪ್ರವಾಸಿ ಪಾಸ್‌ಗಳ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಪಾಸ್ ಇದೆಯಲ್ಲ ಅಂತ ಬೇಡದ ಜಾಗಕ್ಕೂ ಓಡುತ್ತೇವೆ.

ಬ್ರಿಟಿಷ್ ಮ್ಯೂಸಿಯಂನ ಕಾಯಂ ಸಂಗ್ರಹಕ್ಕೆ ಟಿಕೆಟ್ ಇಲ್ಲ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿ ಮುಚ್ಚುವ ಮುಂಚಿನ ಎರಡು ಗಂಟೆ ಉಚಿತ, ಕ್ಯೂ ಮಾತ್ರ ಉದ್ದ. ರೋಮ್‌ನ ಬೀದಿ ನಲ್ಲಿಗಳ ನೀರು ಕುಡಿಯಲು ಚೆನ್ನಾಗಿದೆ, ಖಾಲಿ ಬಾಟಲಿ ಜೊತೆಗಿರಲಿ. ಪ್ರಯಾಣ ವಿಮೆಯಲ್ಲಿ ಮಾತ್ರ ಜಿಪುಣತನ ಬೇಡ.

ಕೊನೆಗೆ ತೆರಿಗೆ ವಾಪಸ್. ಯುರೋಪಿನ ಹಲವು ದೇಶಗಳಲ್ಲಿ ಕೊಂಡ ಸಾಮಾನಿನ ತೆರಿಗೆ ಪ್ರವಾಸಿಗಳಿಗೆ ಮರಳಿ ಸಿಗುತ್ತದೆ. ಕಸ್ಟಮ್ಸ್‌ನವರು ಸಾಮಾನು ತೋರಿಸಿ ಅನ್ನಬಹುದು, ಹಾಗಾಗಿ ಬ್ಯಾಗ್ ವಿಮಾನಕ್ಕೆ ಹಾಕುವ ಮೊದಲೇ ಆ ಕೆಲಸ ಮುಗಿಸಿ. ಆಮೇಲೆ ಹಣ ಕೊಡುವ ಕೌಂಟರಿನಲ್ಲಿ ನಗುಮುಖದಿಂದ ಕೇಳುತ್ತಾರೆ: ನಿಮ್ಮ ದೇಶದ ಹಣದಲ್ಲೇ ಕೊಡಲಾ?