ಹನ್ನೆರಡಕ್ಕೆ ಹೇಳಿದ ಮಾತು, ಹದಿನಾರಕ್ಕೆ ಓದಬಾರದೇ?

ಎಲ್ಲರಿಗೂ ನಮಸ್ಕಾರ. ಕನ್ನಡ ಕೂಟದ ಪುಸ್ತಕ ದಿನಕ್ಕೆ ಆಂಜಿ ಥಾಮಸ್ ಅವರ ಕಾದಂಬರಿ ‘ದಿ ಹೇಟ್ ಯು ಗಿವ್’ ಬಗ್ಗೆ ಮಾತಾಡುತ್ತೇನೆ ಎಂದಾಗ ಕೆಲವು ಅಪ್ಪ ಅಮ್ಮಂದಿರು ಕೇಳಿದರು, ‘ಮಕ್ಕಳೂ ಬರ್ತಾರೆ, ಈ ಗುಂಡು, ಸಾವು ಎಲ್ಲ ಬೇಕಾ?’ ಬೇಕು. ಯಾಕೆ ಅಂತ ಹೇಳುತ್ತೇನೆ.

ಅಮೆರಿಕದಲ್ಲಿ ತನ್ನ ಗೆಳೆಯನನ್ನು ಪೊಲೀಸ್ ಗುಂಡಿಕ್ಕಿ ಕೊಂದದ್ದನ್ನು ಕಣ್ಣಾರೆ ಕಂಡ ಕರಿಯ ಹುಡುಗಿಯ ಕಥೆ ಇದು. ಸೀದಾ ಆ ಕಾರಿನ ಹತ್ತಿರ ಹೋಗೋಣ. ಪಾರ್ಟಿಯಿಂದ ಹೊರಟ ಹದಿನಾರರ ಸ್ಟಾರ್, ಪಕ್ಕದಲ್ಲಿ ಬಾಲ್ಯದ ಗೆಳೆಯ ಖಲೀಲ್. ಹಿಂದಿನ ಲೈಟು ಒಡೆದಿದೆ ಎಂದು ಪೊಲೀಸ್ ನಿಲ್ಲಿಸುತ್ತಾನೆ. ಸ್ಟಾರ್‌ಗೆ ಅಪ್ಪನ ಮಾತು ನೆನಪಾಗುತ್ತದೆ. ಕೈ ಕಾಣುವ ಹಾಗೆ ಇಟ್ಟುಕೋ. ದಿಢೀರನೆ ಅಲ್ಲಾಡಬೇಡ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಬ್ಯಾಡ್ಜ್ ನಂಬರ್ ನೋಡಿಕೋ. ಅವಳು ನೋಡಿಕೊಳ್ಳುತ್ತಾಳೆ, 115. ಖಲೀಲ್‌ನನ್ನು ಕೆಳಗಿಳಿಸಿ, ತಡಕಿ, ಪೊಲೀಸ್ ತನ್ನ ಕಾರಿನ ಕಡೆ ಹೋಗುತ್ತಾನೆ. ‘ನೀನು ಹುಷಾರಾಗಿದ್ದೀಯಾ?’ ಎಂದು ಅವಳನ್ನು ಕೇಳಲು ಖಲೀಲ್ ಬಾಗಿಲು ತೆಗೆಯುತ್ತಾನೆ. ಮೂರು ಗುಂಡು. ಗನ್ ಎಂದು ಪೊಲೀಸನಿಗೆ ಕಂಡದ್ದು ತಲೆ ಬಾಚುವ ಬ್ರಷ್. ಮುಂದೆ ಸ್ಟಾರ್ ಆ ಪೊಲೀಸನನ್ನು ನಂಬರಿನಿಂದಲೇ ಕರೆಯುತ್ತಾಳೆ.

ಅಪ್ಪ ಆ ಪಾಠ ಹೇಳಿದಾಗ ಅವಳಿಗೆ ಬರೀ ಹನ್ನೆರಡು ವರ್ಷ. ಹನ್ನೆರಡಕ್ಕೆ ಹೇಳಲೇಬೇಕಾದ ಮಾತನ್ನು ಹದಿನಾರರ ಮಕ್ಕಳು ಓದಬಾರದು ಅಂದರೆ ಹೇಗೆ?

ಇದು ಸುಮ್ನೆ ಕಟ್ಟಿದ ಕಥೆಯೂ ಅಲ್ಲ. 2009ರ ಹೊಸ ವರ್ಷದ ದಿನ ಓಕ್‌ಲ್ಯಾಂಡ್‌ನ ಫ್ರೂಟ್‌ವೇಲ್ ರೈಲು ಸ್ಟೇಷನ್ನಿನಲ್ಲಿ ಆಸ್ಕರ್ ಗ್ರಾಂಟ್ ಎಂಬ ಕರಿಯ ಯುವಕ ಪೊಲೀಸ್ ಗುಂಡಿಗೆ ಬಲಿಯಾದ. ಮಿಸಿಸಿಪ್ಪಿಯಲ್ಲಿ ಕಾಲೇಜು ಓದುತ್ತಿದ್ದ ಥಾಮಸ್ ಆ ಸಂಕಟದಲ್ಲಿ ಒಂದು ಸಣ್ಣಕಥೆ ಬರೆದರು. ಅದೇ ಬೆಳೆದು 2017ರಲ್ಲಿ ಕಾದಂಬರಿಯಾಯಿತು. ಆಟಿಕೆ ಗನ್ ಹಿಡಿದಿದ್ದ ಕ್ಲೀವ್‌ಲ್ಯಾಂಡಿನ ಟಮೀರ್ ರೈಸ್ 2014ರಲ್ಲಿ ಪೊಲೀಸ್ ಗುಂಡಿಗೆ ಸತ್ತಾಗ ಅವನಿಗೂ ಹನ್ನೆರಡೇ. ಇನ್ನೂ ಚಿಕ್ಕ ವಯಸ್ಸು ಅನ್ನುವವರು ಈ ಮಗುವನ್ನು ನೆನೆಯಬೇಕು.

2018ರಲ್ಲಿ ಸೌತ್ ಕ್ಯಾರೊಲಿನಾದ ಒಂದು ಹೈಸ್ಕೂಲು ಇದನ್ನು ಬೇಸಿಗೆ ಓದಿನ ಪಟ್ಟಿಗೆ ಸೇರಿಸಿದಾಗ ಪೊಲೀಸರ ಸಂಘವೇ ತಕರಾರು ಎತ್ತಿತು. ಪೊಲೀಸರ ಮೇಲೆ ಅಪನಂಬಿಕೆ ಹುಟ್ಟಿಸುತ್ತದಂತೆ. ಸ್ಟಾರ್‌ಳ ಮಾವ ಕಾರ್ಲೋಸ್ ಯಾರು? ಪೊಲೀಸ್! ಅಪ್ಪ ಜೈಲಿನಲ್ಲಿದ್ದಾಗ ಅವಳಿಗೆ ಅಪ್ಪನ ಹಾಗೆ ಇದ್ದವನೂ ಅವನೇ, ಅವಳ ಮೇಲೂ ಗನ್ ಗುರಿ ಹಿಡಿದದ್ದಕ್ಕೆ 115ಕ್ಕೆ ಗುದ್ದಿದವನೂ ಅವನೇ. ಪೂರ್ತಿ ಓದಿದವರು ಈ ಮಾತು ಹೇಳಲಾರರು.

ನಾವು ಭಾರತೀಯರು, ನಮಗೇನು ಅನ್ನಬೇಡಿ. 2015ರಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮಗನ ಮನೆಯ ಬೀದಿಯಲ್ಲೇ ಓಡಾಡುತ್ತಿದ್ದ ಗುಜರಾತಿನ ಅಜ್ಜನನ್ನು ಪೊಲೀಸ್ ನೆಲಕ್ಕೆ ಕೆಡವಿದ. ಕರಿಯ ಮನುಷ್ಯನೊಬ್ಬ ಓಡಾಡುತ್ತಿದ್ದಾನೆ ಎಂದು ಯಾರೋ ಫೋನ್ ಮಾಡಿದ್ದರು. ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದರು, ಪಾಪ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಇದೇ ಬಗೆಯ ಇನ್ನೊಂದು ಕಾದಂಬರಿ ‘ಆಲ್ ಅಮೆರಿಕನ್ ಬಾಯ್ಸ್’ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಅದರಲ್ಲಿ ರಶಾದ್ ಪೊಲೀಸರಿಂದ ಹೊಡೆತ ತಿಂದವನು, ಕ್ವಿನ್ ಅದನ್ನು ಕಣ್ಣಾರೆ ಕಂಡ ಬಿಳಿ ಹುಡುಗ. ಹೊಡೆದವನು ಕ್ವಿನ್‌ನನ್ನು ಮಗನಂತೆ ನೋಡಿಕೊಂಡವನು. ಬಾಯಿ ಬಿಡಬೇಕೋ ಬೇಡವೋ ಅಂತ ಅವನು ಒದ್ದಾಡುವ ಅಧ್ಯಾಯಗಳನ್ನು ಮಕ್ಕಳ ಜೊತೆ ಕೂತು ಓದಿ. ಪುಸ್ತಕ ಬೇಕಾದವರು ಊಟದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ತಂದಿದ್ದೇನೆ.