ಬೋರ್ಡ್ ಹಾಕುವ ಮೊದಲು: ಚಿಕ್ಕಮಗಳೂರಿನ ನಮ್ಮ ಮನೆ ಮಾರುವ ತಯಾರಿ

ಎಲ್ಲರಿಗೂ ನಮಸ್ಕಾರ. ನೀವು ನೋಡುತ್ತಿರುವುದು ಚಿಕ್ಕಮಗಳೂರಿನ ಕಲ್ಯಾಣನಗರದಲ್ಲಿರುವ ನಮ್ಮ ಮನೆ. ಇದನ್ನು ಮಾರಬೇಕು ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ. ಈಗಲೇ ಅಲ್ಲ, ಬರುವ ವರ್ಷ ಯುಗಾದಿಯ ಹೊತ್ತಿಗೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ. ಇದೇ ಊರಿನಲ್ಲಿ, ಆಸ್ಪತ್ರೆಗೆ ಹತ್ತಿರ, ಮಹಡಿ ಇಲ್ಲದ ಚಿಕ್ಕ ಮನೆಯೊಂದು ಸಿಕ್ಕರೆ ಅವರಿಗೆ ಸಾಕು.

ಇನ್ನೂ ಅಷ್ಟು ದಿನ ಇದೆಯಲ್ಲ, ಈಗಲೇ ಏನು ಆತುರ ಅಂತ ನೀವು ಕೇಳಬಹುದು. ಆತುರ ಬೇಡ ಅಂತಲೇ ಈಗ ಶುರು ಮಾಡಿರುವುದು. ಮಾರುವವರಿಗೆ ಗರಜು ಇದೆ ಅಂತ ಗೊತ್ತಾದರೆ ಸಾಕು, ಕೊಳ್ಳುವವರ ಬಾಯಲ್ಲಿ ಬೆಲೆ ತಾನಾಗಿಯೇ ಇಳಿಯುತ್ತದೆ. ಮಗಳ ಮದುವೆ, ಆಸ್ಪತ್ರೆ ಖರ್ಚು, ಸಾಲ ಅಂತ ಅವಸರದಲ್ಲಿ ಮಾರಿದವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಬೆಲೆ ಏರುವುದು, ಇಳಿಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಒಳ್ಳೆಯ ಬೆಲೆ ಬಂದಾಗ ತಕ್ಷಣ ಹೂಂ ಅನ್ನುವುದಕ್ಕೂ, ಕಡಿಮೆಗೆ ಕೇಳಿದಾಗ ಧೈರ್ಯವಾಗಿ ಇಲ್ಲ ಅನ್ನುವುದಕ್ಕೂ ತಯಾರಿರುವುದು ನಮ್ಮ ಕೈಯಲ್ಲೇ ಇದೆ ಅಲ್ವಾ?

ಮೊದಲು ಊರಿನ ಕಥೆ ಹೇಳುತ್ತೇನೆ. 2013ರಲ್ಲಿ ಕಡೂರಿನಿಂದ ಇಲ್ಲಿಗೆ ರೈಲು ಬಂತು. ಆಮೇಲೆ ಮೆಡಿಕಲ್ ಕಾಲೇಜು ಬಂತು. ವಾರದ ಕೊನೆಗೆ ಬೆಂಗಳೂರಿನ ಗಾಡಿಗಳ ಸಾಲು ಹೇಗಿರುತ್ತದೆ ಅಂತ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಇದರ ಜೊತೆಗೆ ಕಾಫಿ. 2024ರಲ್ಲಿ ರೊಬಸ್ಟಾ ಚೆರಿ, ಅಂದರೆ ಒಣಗಿಸಿದ ರೊಬಸ್ಟಾ ಕಾಫಿ ಹಣ್ಣು, 50 ಕೆ.ಜಿ. ಮೂಟೆಗೆ 10 ಸಾವಿರ ರೂಪಾಯಿ ದಾಟಿದಾಗ, ತೋಟದವರು ಮಕ್ಕಳ ಓದಿಗೆ ಅಂತ ಪೇಟೆಯಲ್ಲಿ ಮನೆ ಹುಡುಕುವ ಮಾತು ಜಾಸ್ತಿಯಾಯಿತು. ಕಾಫಿ ರೇಟು ಬಿದ್ದರೆ ಅವರ ಕೈಯೂ ಹಿಂದೆ ಸರಿಯುತ್ತದೆ. ನಮ್ಮ ಊರಿನಲ್ಲಿ ಮನೆ ಬೆಲೆ ಕಾಫಿ ಬೆಲೆಯ ಬಾಲ ಹಿಡಿದುಕೊಂಡೇ ಓಡಾಡುತ್ತದೆ.

ಹೋಮ್‌ಸ್ಟೇ ಮಾಡುತ್ತೇವೆ, ಎಷ್ಟಾದರೂ ಕೊಡುತ್ತೇವೆ ಅಂತ ಬರುವವರೂ ಇದ್ದಾರೆ. ಆ ಆಸೆಯ ಮೇಲೆ ನಮ್ಮ ಬೆಲೆ ಕಟ್ಟಬಾರದು ಅನ್ನುವುದು ನನ್ನ ಅಭಿಪ್ರಾಯ. ಮುಳ್ಳಯ್ಯನಗಿರಿಗೆ ಹೋಗುವ ಗಾಡಿಗಳಿಗೆ 2025ರಲ್ಲಿ ಆನ್‌ಲೈನ್ ಬುಕಿಂಗ್ ಬಂತು. ಗುಡ್ಡದ ಒಳ್ಳೆಯದಕ್ಕೆ ಅದು ಬೇಕಿತ್ತು. ಆದರೆ ಪ್ರವಾಸಿಗರನ್ನೇ ನಂಬಿದ ವ್ಯಾಪಾರದ ಲೆಕ್ಕ ಒಂದು ಆದೇಶದಲ್ಲಿ ಬದಲಾಗಬಹುದು. ನಮ್ಮ ಮನೆಗೆ ನಿಜವಾದ ಗಿರಾಕಿ ಅಂದರೆ ಇಲ್ಲೇ ಕೆಲಸ ಮಾಡುವ ಮೇಷ್ಟ್ರು, ನರ್ಸು, ಬ್ಯಾಂಕ್ ನೌಕರರು. ಸಾಲ ಮಾಡಿ ಮನೆ ಕೊಂಡು, ಅದರಲ್ಲಿ ವಾಸ ಮಾಡುವವರು.

ಅಂಥವರ ಜೇಬು ನೋಡಿ. ರಿಸರ್ವ್ ಬ್ಯಾಂಕ್ 2025ರ ಒಂದೇ ವರ್ಷದಲ್ಲಿ ರೆಪೋ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ. 6.5ರಿಂದ 5.25ಕ್ಕೆ ಇಳಿಸಿತು. 40 ಲಕ್ಷದ ಸಾಲವನ್ನು 20 ವರ್ಷಕ್ಕೆ ತೆಗೆದುಕೊಂಡರೆ, ಬಡ್ಡಿ ಶೇ. 9ರಿಂದ 8ಕ್ಕೆ ಇಳಿದಾಗ ತಿಂಗಳ ಕಂತಿನಲ್ಲಿ ಸುಮಾರು 2,500 ರೂಪಾಯಿ ಉಳಿಯುತ್ತದೆ. ಅದೇ ವರ್ಷ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲ ಸೇರಿದರೆ 60 ಲಕ್ಷದ ಮನೆಗೆ ಕೊಳ್ಳುವವರು ಇನ್ನೂ ಸುಮಾರು ನಾಲ್ಕೂವರೆ ಲಕ್ಷ ಕೈಯಿಂದ ಹಾಕಬೇಕು. ಅದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ. ಚೌಕಾಸಿಗೆ ಕೂತಾಗ ಇದನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ಈ ಟೇಬಲ್ ಮೇಲೆ ನೋಡಿ. ಇದು ಅಪ್ಪನ ಫೈಲು. ಅವರು 1996ರಲ್ಲಿ ಸೈಟು ಕೊಂಡ ಕ್ರಯಪತ್ರ, ಕಂದಾಯ ಕಟ್ಟಿದ ರಸೀದಿಗಳು, ಪ್ಲಾನು. ಅಪ್ಪ ತೀರಿಕೊಂಡರು, ವಿಲ್ ಬರೆದಿರಲಿಲ್ಲ. ಸೈಟು ಅವರ ಸ್ವಂತ ದುಡಿಮೆಯದ್ದು. ಹಾಗಾಗಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮ, ಅಕ್ಕ, ನಾನು, ತಮ್ಮ, ನಾಲ್ಕು ಜನರಿಗೂ ಸಮಪಾಲು. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಏನು ಪಾಲು ಅಂತ ಕೇಳುವವರು ಇವತ್ತಿಗೂ ಇದ್ದಾರೆ. ದಯವಿಟ್ಟು ಆ ಮಾತನ್ನು ಬಿಡಿ. ಕಾನೂನು ಇರಲಿ, ನ್ಯಾಯವಾಗಿ ನೋಡಿದರೂ ಅಕ್ಕನ ಪಾಲು ಅಕ್ಕನದ್ದೇ. ಅವಳ ಸಹಿ ಇಲ್ಲದೆ ಯಾವ ಬ್ಯಾಂಕಿನ ವಕೀಲರೂ ಈ ಮನೆಗೆ ಸಾಲ ಕೊಡಿ ಅಂತ ಬರೆಯುವುದಿಲ್ಲ.

ಖಾತೆ, ಅಂದರೆ ನಗರಸಭೆಯ ಆಸ್ತಿ ದಾಖಲೆ, ನಮ್ಮ ಹೆಸರಿಗೆ ಬರಬೇಕಾದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ಆಮೇಲೆ ಇ-ಖಾತೆ, ಅದೇ ದಾಖಲೆಯ ಆನ್‌ಲೈನ್ ರೂಪ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಇಲ್ಲ. ನಾವು ಅರ್ಜಿ ಹಾಕಿದಾಗ ಬಂದ ಕರಡು ಪ್ರತಿ ಇಲ್ಲಿದೆ, ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಕ್ರಯಪತ್ರದಲ್ಲಿ 30 ಅಡಿ, 40 ಅಡಿ ಅಂತ ಇದೆ. ಇದರಲ್ಲಿ 30, 38 ಅಂತ ಬಂದಿದೆ. ಎರಡು ಅಡಿ ತಾನೇ ಅಂತ ಬಿಡುವ ಹಾಗಿಲ್ಲ. ಎರಡು ಅಡಿ ಅಂದರೆ 60 ಚದರಡಿ ಜಾಗ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಎರಡು ಕಾಗದದಲ್ಲಿ ಎರಡು ಅಳತೆ ಕಂಡ ತಕ್ಷಣ ಕೊಳ್ಳುವವರಿಗೆ ಅನುಮಾನ ಹುಟ್ಟುತ್ತದೆ. ತಿದ್ದುಪಡಿಗೆ ಕೊಟ್ಟಿದ್ದೇವೆ, ವಾರಗಟ್ಟಲೆ ಹಿಡಿಯುತ್ತಿದೆ. ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು ಈ ಕೆಲಸ ಮಾಡುವ ಪರಿಸ್ಥಿತಿ ಯಾರಿಗೂ ಬೇಡ.

ಇಸಿಯನ್ನೂ, ಅಂದರೆ ಆಸ್ತಿಯ ಮೇಲಿನ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರವನ್ನೂ, ಈಗಲೇ ತೆಗೆಸಿ ನೋಡಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬಹುದು, ತುಂಬಾ ಹಳೆಯ ವರ್ಷಗಳದ್ದಕ್ಕೆ ಉಪನೋಂದಣಿ ಕಚೇರಿಯಲ್ಲಿ ಕೇಳಬೇಕಾಗುತ್ತದೆ. ನಮ್ಮದರಲ್ಲಿ ಏನಿತ್ತು ಗೊತ್ತಾ? 2009ರಲ್ಲಿ ಮಹಡಿ ಕಟ್ಟಲು ಅಪ್ಪ ತೆಗೆದುಕೊಂಡ ಸಾಲ. ಅದು ತೀರಿ ಎಷ್ಟೋ ವರ್ಷವಾಯಿತು. ಬ್ಯಾಂಕಿನವರು ಅಸಲು ಕಾಗದವನ್ನೂ ವಾಪಸ್ ಕೊಟ್ಟಿದ್ದಾರೆ. ಆದರೆ ಅಡಮಾನ ಬಿಡುಗಡೆಯನ್ನು ನೋಂದಣಿ ಮಾಡಿಸಿಕೊಡಲೇ ಇಲ್ಲ. ಹಾಗಾಗಿ ಕಾಗದದಲ್ಲಿ ಮನೆ ಇನ್ನೂ ಅಡವಿದ್ದ ಹಾಗೇ ಇದೆ. ಈಗ ಆ ಬಿಡುಗಡೆ ಪತ್ರಕ್ಕೆ ಓಡಾಡುತ್ತಿದ್ದೇವೆ. ನಿಮ್ಮ ಸಾಲ ಈಗ ತೀರುತ್ತಿದ್ದರೆ ಒಂದು ವಿಷಯ ನೆನಪಿಡಿ. 2023ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅಸಲು ಕಾಗದ ಕೊಡಬೇಕು, ನೋಂದಣಿಯಾದ ಅಡಮಾನವನ್ನೂ ತೆಗೆಸಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ತಮ್ಮ ದುಬೈಯಲ್ಲಿದ್ದಾನೆ. ಅವನು ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಜಿಪಿಎ, ಅಂದರೆ ತನ್ನ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ, ಮಾಡಿಸಿ ಕಳಿಸಬೇಕು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ವಿದೇಶದಲ್ಲಿರುವವರ ಪಾಲಿನ ಹಣಕ್ಕೆ ಕೊಳ್ಳುವವರು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಅಂದರೆ ಟಿಡಿಎಸ್ ಕೂಡ ಜಾಸ್ತಿ. ಇಲ್ಲಿರುವವರ ಮನೆಯಾದರೆ 50 ಲಕ್ಷ ಮುಟ್ಟಿದಾಗ ಮಾತ್ರ ಶೇ. 1. ಕಡಿಮೆ ಹಿಡಿಯಲಿ ಅಂತ ಆದಾಯ ತೆರಿಗೆ ಇಲಾಖೆಯಿಂದ ಪತ್ರ ತರಬಹುದು, ಅದಕ್ಕೂ ಟೈಮ್ ಬೇಕು.

ತೆರಿಗೆ ಅಂದ ತಕ್ಷಣ ಅಮ್ಮ ಹೆದರಿದರು. ಅಷ್ಟು ಹೆದರುವಂಥದ್ದೇನಿಲ್ಲ. ಮನೆ 2001ರ ಏಪ್ರಿಲ್ 1ಕ್ಕಿಂತ ಹಳೆಯದಾದರೆ, ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಅಂತ ಹಿಡಿಯಬಹುದು. ಆದರೆ ಅದು ನೋಂದಣಿಗೆ ಅಂತ ಸರ್ಕಾರ ಅವತ್ತು ಗೊತ್ತುಮಾಡಿದ್ದ ಬೆಲೆಯನ್ನು ಮೀರಬಾರದು. ಆಮೇಲೆ ಕಟ್ಟಿದ ಮಹಡಿಯ ಖರ್ಚನ್ನೂ ಸೇರಿಸಬಹುದು. ಅದಕ್ಕೇ ಅಪ್ಪ ಇಟ್ಟಿದ್ದ ಸಿಮೆಂಟು, ಕಬ್ಬಿಣದ ಬಿಲ್ಲುಗಳನ್ನೆಲ್ಲ ಜೋಡಿಸಿಟ್ಟಿದ್ದೇನೆ. ಅಪ್ಪನ ಅಚ್ಚುಕಟ್ಟುತನ ಇವತ್ತು ನಮ್ಮನ್ನು ಕಾಯುತ್ತಿದೆ. ಲಾಭದ ಮೇಲೆ ಶೇ. 12.5 ತೆರಿಗೆ. 2024ರ ಜುಲೈ 23ಕ್ಕಿಂತ ಮೊದಲೇ ಬಂದ ಆಸ್ತಿಯಾದರೆ, ದೇಶದಲ್ಲೇ ಇರುವವರು ಬೆಲೆಯೇರಿಕೆ ಕಳೆದು ಶೇ. 20ರ ಹಳೆಯ ಲೆಕ್ಕವನ್ನೂ ಹಾಕಿ ನೋಡಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಅಮ್ಮ ತಮ್ಮ ಪಾಲಿನ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆಗೆ ಹಾಕಿದರೆ ಅಷ್ಟಕ್ಕೆ ತೆರಿಗೆಯೇ ಇಲ್ಲ. ಒಬ್ಬ ಒಳ್ಳೆಯ ಆಡಿಟರ್ ಹತ್ತಿರ ಮೊದಲೇ ಕೂತು ಮಾತಾಡಿ.

ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಅರ್ಧ ಬಿಳಿ, ಅರ್ಧ ಕಪ್ಪು ಅಂತ ಕೇಳುವ ಗಿರಾಕಿ ನಮಗೆ ಬೇಡ. ಆಸ್ತಿ ಮಾರಾಟಕ್ಕೆ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಾಗಿ ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ದಂಡ ಬೀಳಬಹುದು. ಚೆಕ್ಕಿನಲ್ಲಿ ಬಂದ ಹಣ ಮಾತ್ರ ಅಮ್ಮನ ಹೊಸ ಮನೆಗೆ ನೆಮ್ಮದಿಯಾಗಿ ಹೋಗುತ್ತದೆ.

ಈಗ ಹೊರಗೆ ಬನ್ನಿ. ಮಳೆ ಬರುತ್ತಿದೆ, ಛತ್ರಿ ಹಿಡಿದುಕೊಂಡೇ ತೋರಿಸುತ್ತೇನೆ. ಇದು ಪಡುವಣ ಗೋಡೆ. ನಮ್ಮ ಕಡೆ ಮುಂಗಾರು ಗಾಳಿಯ ಹೊಡೆತವೆಲ್ಲ ಈ ಕಡೆಗೇ. ಕಿಟಕಿಯ ಕೆಳಗೆ ಗಾರೆ ಉಬ್ಬಿದೆ, ಬೆರಳಿನಿಂದ ಒತ್ತಿದರೆ ಟೊಳ್ಳು ಶಬ್ದ ಬರುತ್ತದೆ. ಪಾಚಿ ಸಜ್ಜಾದ ತನಕ ಹತ್ತಿದೆ. ಇದರ ಮೇಲೆ ಸುಮ್ನೆ ಬಣ್ಣ ಹೊಡೆದರೆ ಬೇಸಿಗೆಯಲ್ಲಿ ಚೆಂದ ಕಾಣುತ್ತದೆ, ಮುಂದಿನ ಆಷಾಢಕ್ಕೆ ಕೊಂಡವರು ನಮ್ಮನ್ನು ಬೈಯುತ್ತಾರೆ. ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಮಳೆಯಲ್ಲೇ ಗುರುತು ಹಾಕಿಕೊಳ್ಳುತ್ತಿದ್ದೇವೆ. ದಸರಾ ಕಳೆದು ಬಿಸಿಲು ಬಿದ್ದ ಮೇಲೆ ಈ ಗಾರೆ ಕಿತ್ತು ಹೊಸದಾಗಿ ಮಾಡಿಸುತ್ತೇವೆ. ಬಣ್ಣ ಆಮೇಲೆ. ಮಾಡ್ಯುಲರ್ ಕಿಚನ್ನು, ಹೊಸ ಟೈಲ್ಸು ಅಂತ ಲಕ್ಷಗಟ್ಟಲೆ ಸುರಿಯುವುದಿಲ್ಲ. ಕೊಳ್ಳುವವರು ಅದನ್ನು ತಮ್ಮ ಇಷ್ಟದಂತೆ ಹೇಗೂ ಬದಲಾಯಿಸುತ್ತಾರೆ.

ಯುಗಾದಿಯ ಹೊತ್ತು ಅಂತ ಯಾಕೆ ಹೇಳಿದೆ ಅಂದರೆ, ಆಷಾಢದಲ್ಲೂ ಧನುರ್ಮಾಸದಲ್ಲೂ ಮನೆ ಮಾತು ಎತ್ತುವವರು ಕಡಿಮೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಾಫಿ ಕೊಯ್ಲು ಮುಗಿದು ತೋಟದವರ ಕೈಯಲ್ಲಿ ಹಣ ಓಡಾಡುತ್ತದೆ. ಮಕ್ಕಳಿರುವವರು ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲೇ ಮನೆ ಬದಲಾಯಿಸಲು ನೋಡುತ್ತಾರೆ.

ಬೆಲೆಯ ವಿಷಯ. ಆ್ಯಪ್‌ಗಳಲ್ಲಿ ಕಾಣುವುದು ಕೇಳುವ ಬೆಲೆ, ಕೊಟ್ಟ ಬೆಲೆಯಲ್ಲ. ನಮ್ಮ ಬಡಾವಣೆಯಲ್ಲಿ ಈಚೆಗೆ ಮಾರಿದವರ ಮನೆಗೇ ಹೋಗಿ, ಕಾಫಿ ಕುಡಿಯುತ್ತಾ ಕೇಳುತ್ತಿದ್ದೇನೆ. ಹೆಚ್ಚಿನವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಅದೆಲ್ಲ ಇಟ್ಟುಕೊಂಡು, ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವ ಒಂದು ಮೊತ್ತವನ್ನು ನಾಲ್ಕೂ ಜನ ಒಪ್ಪಿ ಬರೆದಿಟ್ಟಿದ್ದೇವೆ. ತಮ್ಮ ವಿಡಿಯೋ ಕಾಲ್‌ನಲ್ಲಿದ್ದ. ಅಕ್ಕ ಇನ್ನೂ ಎರಡು ಲಕ್ಷ ಸೇರಿಸಿ ಅಂದಳು, ಸೇರಿಸಿದೆವು. ದೀಪಾವಳಿ ಕಳೆದ ಮೇಲೆ ಅದನ್ನು ಮತ್ತೆ ತೆಗೆದು ನೋಡುತ್ತೇವೆ. ಅಷ್ಟರಲ್ಲಿ ಈ ವರ್ಷದ ಕಾಫಿ ಫಸಲು ಹೇಗಿದೆ ಅನ್ನುವುದೂ ತಿಳಿದಿರುತ್ತದೆ.