ಚಿನ್ನದ ಜಿಲ್ಲೆಯ ನೀರಿನ ಚಕ್ರ

ಕೇಳುಗರಿಗೆ ನಮಸ್ಕಾರ. ಇವತ್ತು ನನಗೆ ಕೊಟ್ಟ ವಿಷಯ ಕ್ಯಾಲಿಫೋರ್ನಿಯಾದ ನೆವಾಡ ಕೌಂಟಿ, ಅಲ್ಲಿನ ಚಿನ್ನದ ಇತಿಹಾಸ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ನೆವಾಡ ರಾಜ್ಯ ಬೇರೆ, ಅದನ್ನು ಸದ್ಯಕ್ಕೆ ಮರೆತುಬಿಡಿ. ನಾನು ವಿದ್ಯುದಾಗಾರದಲ್ಲಿ ತಲೆ ನರೆತವನು. ಚಿನ್ನದ ಬಗ್ಗೆ ಕೇಳಿದರೂ ನೀರಿನ ಬಗ್ಗೆಯೇ ಹೇಳುತ್ತೇನೆ. ಯಾಕೆಂದರೆ ಅಲ್ಲಿ ಚಿನ್ನ ತೆಗೆದದ್ದೇ ನೀರು.

1848ರ ಜನವರಿಯಲ್ಲಿ ಕೊಲೋಮಾ ಎಂಬಲ್ಲಿ, ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ, ಜೇಮ್ಸ್ ಮಾರ್ಷಲ್‌ಗೆ ಚಿನ್ನದ ಚೂರು ಕಂಡಿತು. ಮರುವರ್ಷ ಜನ ಮುಗಿಬಿದ್ದರು. ಹೊಳೆಮರಳನ್ನು ಬಾಣಲೆಗೆ ಹಾಕಿ ಜಾಲಿಸಿದರು. ಅಕ್ಕಿ ತೊಳೆಯುವಾಗ ಕಲ್ಲು ತಳಕ್ಕೆ ಕೂರುತ್ತದಲ್ಲ, ಹಾಗೆ ಚಿನ್ನ ಕೂರುತ್ತಿತ್ತು. ನೀರಿನ ಕೆಲಸ! 1853ರಲ್ಲಿ ನೆವಾಡ ಸಿಟಿಯ ಎಡ್ವರ್ಡ್ ಮ್ಯಾಟಿಸನ್ ಪೈಪಿನ ಬಾಯಿಗೆ ಮೂತಿ ಕಟ್ಟಿ ಗುಡ್ಡಕ್ಕೇ ನೀರು ಹೊಡೆದ. ಗುಡ್ಡ ಕರಗಿ ಇಳಿಯಿತು. ಮತ್ತೆ ನೀರೇ.

ಈಗ ಪೆಲ್ಟನ್ ಕಥೆ. ಇದನ್ನು ಅವಸರದಲ್ಲಿ ಹೇಳಲಾರೆ. ಲೆಸ್ಟರ್ ಪೆಲ್ಟನ್ ಗಣಿಗಳಿಗೆ ಮರಗೆಲಸ, ಯಂತ್ರಗೆಲಸ ಮಾಡಿಕೊಂಡಿದ್ದವನು. ಗಣಿಯ ಯಂತ್ರಗಳನ್ನು ತಿರುಗಿಸುತ್ತಿದ್ದ ಆಗಿನ ನೀರಿನ ಚಕ್ರಗಳ ಸುತ್ತ ಬಟ್ಟಲುಗಳಿದ್ದವು. ಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು ಸೌಟು ಒಡ್ಡಿ ನೋಡಿ: ನೀರು ಮುಖಕ್ಕೇ ಹಾರುತ್ತದೆ. ಹಾರಿದ ನೀರು ಬರುವ ನೀರಿಗೆ ಅಡ್ಡ ನಿಲ್ಲುತ್ತದೆ, ಶಕ್ತಿ ಅಲ್ಲೇ ಸತ್ತಿತು. ಹಸುವೊಂದರ ಮೂತಿಗೆ ನೀರು ಬಿದ್ದು ಎರಡು ಕಡೆ ಸೀಳಿ ಹೋದದ್ದನ್ನು ಕಂಡು ಪೆಲ್ಟನ್‌ಗೆ ಹೊಳೆಯಿತು ಅಂತ ಅಲ್ಲಿನವರು ಹೇಳುತ್ತಾರೆ. ಹಸುವೋ ಅಲ್ಲವೋ, ಅವನು ಮಾಡಿದ್ದಿಷ್ಟೇ: ಎರಡು ಬಟ್ಟಲು ಜೋಡಿಸಿ ನಡುವೆ ಒಂದು ಏಣು, ಅಂದರೆ ಚೂಪಾದ ಅಂಚು, ಇಟ್ಟ. ನೀರು ಆ ಅಂಚಿಗೆ ಬಡಿದು, ಸೀಳಿ, ಬಟ್ಟಲಲ್ಲಿ ತಿರುಗಿ, ಪಕ್ಕಕ್ಕೆ ಜಾರಿ ಹೋಯಿತು. 1880ರಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಶರಾವತಿ ವಿದ್ಯುದಾಗಾರದ ಹತ್ತೂ ಟರ್ಬೈನುಗಳು ಪೆಲ್ಟನ್ ಚಕ್ರಗಳೇ! ನೀವು ಈ ರೇಡಿಯೋ ಹಾಕಿದ ಕರೆಂಟಿನಲ್ಲೂ ಆ ಬಡಗಿಯ ಪಾಲು ಇದ್ದೀತು. ಇದನ್ನು ಹೇಳಿದರೆ ನಮ್ಮ ಹುಡುಗರು ‘ಚಿನ್ನ ಎಷ್ಟು ಸಿಕ್ಕಿತು ಸರ್?’ ಅಂತ ಕೇಳುತ್ತಾರೆ. ಏನು ಹೇಳಲಿ!

ಸಮಯ ಆಗುತ್ತಿದೆಯಂತೆ, ಗಾಜಿನ ಆಚೆಯಿಂದ ಕೈ ಆಡಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಮಲಕಾಫ್ ಡಿಗ್ಗಿನ್ಸ್ ಎಂಬ ಗಣಿಯಲ್ಲಿ ನೀರು ಕೊರೆದ ದೊಡ್ಡ ಕಮರಿ ಇವತ್ತಿಗೂ ಇದೆ. ಅಂಥ ಗಣಿಗಳ ಕೆಸರು ಯೂಬಾ ನದಿಯ ಪಾತ್ರ ತುಂಬಿ, ಕೆಳಗಿನ ರೈತರ ಹೊಲ ಹೂಳಿತು. 1884ರಲ್ಲಿ ನ್ಯಾಯಾಧೀಶ ಸಾಯರ್ ಹಾಗೆ ನದಿಗೆ ಕೆಸರು ಬಿಡುವುದನ್ನು ನಿಲ್ಲಿಸಿದರು. ಅದೇ ಕೌಂಟಿಯ ಗ್ರಾಸ್ ವ್ಯಾಲಿ ಊರಿನ ಎಂಪೈರ್ ಗಣಿ ನೆಲದಡಿಯ ಚಿನ್ನದ ಗಣಿ, 1956ರಲ್ಲಿ ಮುಚ್ಚಿತು. ಸುರಂಗಗಳ ಉದ್ದ ಸುಮಾರು 590 ಕಿಲೋಮೀಟರ್. ಅಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಗಾರರು ದುಡಿದರು, ಆ ಕಡೆಯವರು ನಮ್ಮ ಕೋಲಾರಕ್ಕೂ ಬಂದಿದ್ದರು. ಅದು ಇನ್ನೊಂದು ದಿನದ ಮಾತು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವವರು ಗ್ರಾಸ್ ವ್ಯಾಲಿಯ ನಾರ್ತ್ ಸ್ಟಾರ್ ಮ್ಯೂಸಿಯಂ ತಪ್ಪಿಸಬೇಡಿ. ಅಲ್ಲಿರುವ ಪೆಲ್ಟನ್ ಚಕ್ರ 30 ಅಡಿ! ಅದರ ಮುಂದೆ ನಿಂತು ಬಟ್ಟಲ ನಡುವಿನ ಆ ಏಣನ್ನು ನೋಡಿ. ನಮಸ್ಕಾರ.